ಕಕ್ಕಸಿನ ಸರದಿ

ನನ್ನನ್ನು ಜೈಲಿಗೆ ಹಾಕಿದ್ದು ಒಂದು ಬಕೆಟ್ ಚರಂಡಿ ನೀರಿಗೆ. ಕದ್ದಿದ್ದಲ್ಲ. ಯಾರ ಮೈಮೇಲೆ ಸುರಿದಿದ್ದೂ ಅಲ್ಲ. ಪಂಚಾಯ್ತಿ ಆಫೀಸಿನ ಟೇಬಲ್ ಮೇಲೆ ಇಟ್ಟಿದ್ದು, ಅಷ್ಟೇ.

ನಮ್ಮ ಕಾಲೋನಿ ಇಳಿಜಾರಿನ ಕೆಳಗಿದೆ. ಮೇಲಿನ ಕೇರಿಯ ಬಚ್ಚಲು ನೀರೆಲ್ಲ ನಮ್ಮ ಅಂಗಳಕ್ಕೆ ಬರುತ್ತೆ. ಅವರ ಕಕ್ಕಸುಗುಂಡಿ ತುಂಬಿದರೆ ಅದೂ ಬರುತ್ತೆ. ಎಷ್ಟೋ ಸಲ ಹೋಗಿ ಹೇಳಿದೆವು. ಪಿಡಿಒ ಸಾಹೇಬರು ಪ್ರತಿ ಸಲವೂ ಕೇಳಿದ್ದು ಒಂದೇ. "ಎಷ್ಟು ಬರುತ್ತಮ್ಮಾ ನೀರು?" ಎಷ್ಟು, ಎಂಥದು ಅಂತ ತೋರಿಸೋಣ ಅಂತ ಒಂದು ಬಕೆಟ್ ತುಂಬಿಕೊಂಡು ಹೋದೆ. ಜೊತೆಗೆ ಬಂದ ಹೆಂಗಸರು ಪೊಲೀಸ್ ಜೀಪು ಕಂಡಕೂಡಲೇ ಓಡಿದರು. ನಾನು ಓಡಲಿಲ್ಲ. ಧೈರ್ಯ ಅಂತಲ್ಲ. ಬಕೆಟ್ ನನ್ನದು. ಬಿಟ್ಟು ಓಡಿದರೆ ವಾಪಸ್ ಕೊಡ್ತಾರಾ?

ಸರ್ಕಾರಿ ನೌಕರರ ಕೆಲಸಕ್ಕೆ ಅಡ್ಡಿ ಅಂತ ಕೇಸಾಯ್ತು.

ನನ್ನ ಹೆಸರು ವೀರಮ್ಮ. ಊರಿನ ಹೆಸರು ಬೇಡ. ಮುತ್ತಿನಕೊಪ್ಪದಲ್ಲಿ ಬಸ್ಸಿಳಿದು ನಡೀಬೇಕು ಅಂದರೆ ಸಾಕು. ಜೈಲು ಯಾವ ಊರಿನದು ಅಂತಲೂ ಹೇಳಲ್ಲ. ಕೊಪ್ಪದವರು, ಶೃಂಗೇರಿಯವರು, ಎನ್.ಆರ್.ಪುರದವರು, ಮೂರೂ ಕಡೆಯವರು ನಮ್ಮದಲ್ಲ ಅಂದುಕೊಂಡು ಆರಾಮಾಗಿರಲಿ.

ಬೇಲು ಮೊದಲನೇ ವಾರವೇ ಸಿಕ್ಕಿತ್ತು. ಆದರೆ ಪಹಣಿ ಇರುವ ಒಬ್ಬರು ಬಂದು ಜಾಮೀನು ನಿಲ್ಲಬೇಕಿತ್ತು. ನಮ್ಮ ಕಾಲೋನಿಯಲ್ಲಿ ಪಹಣಿ ಯಾರಿಗಿದೆ? ನಾನು ಹದಿನೈದು ವರ್ಷ ಅಡಿಕೆ ಸುಲಿದದ್ದು ಮಂಜಪ್ಪಗೌಡರ ಮನೆಯಲ್ಲಿ. ನನ್ನ ಗಂಡ ಹೋಗಿ ಅವರ ಅಂಗಳದಲ್ಲಿ ನಿಂತ. "ನಿನ್ ಹೆಂಡ್ತಿ ಒಳ್ಳೇ ಕೆಲಸಗಾರ್ತಿ ಮಾರಾಯ, ಇಲ್ಲ ಅನ್ನಲ್ಲ" ಅಂದರಂತೆ ಗೌಡರು. "ಆದ್ರೆ ಪಿಡಿಒ ನಂಗೆ ಬೇಕಾದೋರು." ಒಂದು ಲೋಟ ಕಾಫಿ ಕೊಟ್ಟು ಕಳಿಸಿದರಂತೆ. ಪೇಪರ್ ಲೋಟದಲ್ಲಿ.

ಹೀಗಾಗಿ ಬೇಲು ಸಿಕ್ಕಿದ ಮೇಲೂ ನಾನು ಒಳಗೇ ಉಳಿದೆ.

ಜೈಲಿಗೆ ಬಂದ ದಿನದ ಮಾತು ಹೇಳಬೇಕು. ಜೈಲರ್ ಸೋಮಶೇಖರಪ್ಪ ನನ್ನ ಹೆಸರು ಬರೆದುಕೊಂಡರು. ಗಂಡನ ಹೆಸರು ಬರೆದುಕೊಂಡರು. ಆಮೇಲೆ ಪೆನ್ನು ಎತ್ತಿ ಹಿಡಿದು ಕೇಳಿದರು.

"ಯಾವ ಜನ?"

"ಕಾಲೋನಿಯೋರು ಸಾರ್."

"ಹಾಂ! ಸರಿ." ಅವರ ಮುಖ ನಿಜವಾಗಿ ಅರಳಿತು. ಹೆಂಗಸರ ಕಡೆಯ ವಾರ್ಡರನ್ನು ಕೂಗಿದರು. "ಅನ್ನಪೂರ್ಣಮ್ಮಾ, ಒಬ್ಳು ಬಂದ್ಳು ನೋಡಿ. ಇನ್ನು ತಾಪತ್ರಯ ಇಲ್ಲ."

ನಾನು ಬಂದೆ ಅಂತ ಇಷ್ಟು ಖುಷಿಪಟ್ಟವರನ್ನು ಜೀವಮಾನದಲ್ಲೇ ನೋಡಿರಲಿಲ್ಲ. ಮದುವೆಯಾಗಿ ಹೋದಾಗ ನಮ್ಮತ್ತೆ ಕೂಡ ಇಷ್ಟು ಖುಷಿಪಟ್ಟಿರಲಿಲ್ಲ.

ಖುಷಿ ಯಾಕೆ ಅಂತ ಮಾರನೇ ಬೆಳಗ್ಗೆ ಗೊತ್ತಾಯ್ತು. ಹೆಂಗಸರ ಕಡೆ ಒಂದು ಕಕ್ಕಸು, ಆಫೀಸಿನವರದ್ದು ಎರಡು. ಮೂರೂ ನನಗೆ. ಹೆಂಗಸರ ಕೋಣೆಯಲ್ಲಿ ಇನ್ನಿಬ್ಬರಿದ್ದರು. ಅಡ್ಡಗದ್ದೆಯ ಶೇಷಮ್ಮನವರಿಗೆ ಅಕ್ಕಿ ಆರಿಸುವ ಕೆಲಸ. ಕೊಪ್ಪದ ಸೀರೆ ಅಂಗಡಿಯಲ್ಲಿದ್ದ ಚೈತ್ರಳಿಗೆ ಜೈಲರ್ ಸಾಹೇಬರ ಹೂಗಿಡಕ್ಕೆ ನೀರು ಹಾಕುವ ಕೆಲಸ. ಯಾರಿಗೆ ಎಂತ ಕೆಲಸ ಅಂತ ಯಾರೂ ಕೂತು ಯೋಚನೆ ಮಾಡಿದ್ದಲ್ಲ. ಗೇಟಿನಲ್ಲಿ ಕೇಳಿದ ಆ ಒಂದು ಪ್ರಶ್ನೆಗೇ ಎಲ್ಲ ತೀರ್ಮಾನವಾಗಿತ್ತು.

ಬ್ರಷ್ ಇಲ್ಲ. ಅರ್ಧ ಸವೆದ ಪೊರಕೆ, ತೆಂಗಿನ ಸಿಪ್ಪೆ, ಒಂದು ಡಬ್ಬಿ ಬ್ಲೀಚಿಂಗ್ ಪೌಡರ್. ಮಂಡಿಯೂರಿ ಕೂರಬೇಕು. ಸಿಪ್ಪೆ ಹಿಡಿದು ಉಜ್ಜಬೇಕು. ಅಡಿಕೆ ಸುಲಿದು ಸುಲಿದು ನನ್ನ ಬೆರಳೆಲ್ಲ ಸೀಳು. ಸೀಳಿಗೆ ಪೌಡರ್ ಇಳಿದರೆ ಪ್ರಾಣ ಹೋದ ಹಾಗೆ ಉರಿ. ಸೋಪು ಕೇಳಿದರೆ ಮುಂದಿನ ತಿಂಗಳು ಅಂದರು. ಬೂದಿ ಹಾಕಿ ಕೈ ತಿಕ್ಕಿಕೊಳ್ಳುತ್ತಿದ್ದೆ. ಆದರೂ ತುತ್ತು ಎತ್ತಿದರೆ ಮೊದಲು ಬರುತ್ತಿದ್ದದ್ದು ವಾಸನೆ. ಅನ್ನ ಆಮೇಲೆ.

ಶೇಷಮ್ಮನವರು ತಟ್ಟೆ ಎತ್ತಿಕೊಂಡು ಗೋಡೆಯ ಆ ಕಡೆ ಹೋಗಿ ಕೂರುತ್ತಿದ್ದರು. ಅವರದ್ದೇ ಒಂದು ನೀರಿನ ಕೊಡಪಾನ ಇತ್ತು.

"ಅದನ್ನ ಮುಟ್ಬೇಡ ಮಾರಾಯ್ತಿ. ಬೇಜಾರು ಮಾಡ್ಕೋಬೇಡ" ಅಂದರು.

ಒಳ್ಳೇ ಹೆಂಗಸೇ. ಮಾತು ಮೆತ್ತಗೆ. ತೋಟದ ಬೇಲಿ ಗಲಾಟೆಯಲ್ಲಿ ಮೈದುನನ ಕಾಲು ಮುರಿದು ಒಳಗೆ ಬಂದಿದ್ದರು. ಕಾಲು ಮುರಿದ ಕೈಯಲ್ಲಿ ಮುಟ್ಟಿದ ನೀರಿಗೆ ಮೈಲಿಗೆಯಿಲ್ಲ. ಚರಂಡಿ ತೋರಿಸಿದ ಕೈ ಮುಟ್ಟಿದರೆ ಮೈಲಿಗೆ. ಹೀಗೆ ನಾನು ಅಂದಾಗ ಚೈತ್ರ ಬಿದ್ದು ಬಿದ್ದು ನಕ್ಕಳು. ಚೈತ್ರಳ ಮೇಲೆ ರೇಷ್ಮೆ ಸೀರೆ ಕದ್ದ ಕೇಸು. "ಅಂಗಡಿ ಓನರ್ ಮಗ ನನ್ ಕೈ ಹಿಡಿದ ಅಕ್ಕ. ಕೆನ್ನೆಗೆ ಬಾರಿಸ್ದೆ. ಮಾರನೇ ದಿನ ಸೀರೆ ಕಳೆದುಹೋಯ್ತು" ಅಂದಳು. ಅವಳು ನನ್ನ ಪಕ್ಕವೇ ಕೂತು ಉಣ್ಣುತ್ತಿದ್ದಳು, ಆದರೆ ಬೆಳಗ್ಗೆ ನಾನು ಪೊರಕೆ ತಗೊಂಡು ಹೊರಟಾಗ ಬೇರೆ ಕಡೆ ನೋಡುತ್ತಿದ್ದಳು.

ಶನಿವಾರ ಶನಿವಾರ ಬಾಳಗಡಿ ಕಡೆಯಿಂದ ಜ್ಯೋತ್ಸ್ನಾ ಮೇಡಂ ಬರುತ್ತಿದ್ದರು. ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುವವರು. ನಮ್ಮ ಮನಸ್ಸು ತಿದ್ದುವ ಕಾರ್ಯಕ್ರಮ ಅಂತ ಸರ್ಕಾರ ಅವರಿಗೆ ಪಾಸು ಕೊಟ್ಟಿತ್ತು. ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ ಇರುತ್ತಿತ್ತು. ಬಿಸ್ಕತ್ತು ಕೊಡುವ ಮೊದಲು ಕಣ್ಣು ಮುಚ್ಚಿಸಿ ಸುಮ್ಮನೆ ಕೂರಿಸುತ್ತಿದ್ದರು.

"ಮೌನದಲ್ಲಿ ಕೂತ್ರೆ ಮನಸ್ಸು ತೊಳ್ದ ಹಾಗೆ ಆಗುತ್ತೆ."

"ಇಲ್ಲೂ ತೊಳೆಯೋದೇನಾ ಮೇಡಂ?" ಅಂದೆ.

ಅವರಿಗೆ ಅರ್ಥವಾಗಲಿಲ್ಲ. ನಕ್ಕರು. ಆ ಶನಿವಾರ ಅವರು ಒಂದು ಕಥೆ ಹೇಳಿದರು. ಲಂಡನ್ನಿನ ಜೈಲಿನ ಕಥೆ. ಇನ್ನೂರು ವರ್ಷದ ಹಿಂದಿನದು. ನ್ಯೂಗೇಟ್ ಅಂತ ಜೈಲಂತೆ. ಹೆಂಗಸರನ್ನು, ಹಾಲು ಕುಡಿಯುವ ಮಕ್ಕಳನ್ನು ಒಟ್ಟಿಗೇ ಹುಲ್ಲಿನ ಮೇಲೆ ತುಂಬಿದ್ದರಂತೆ. ಒಳಗೆ ಹೋಗಲು ಜೈಲಿನವರಿಗೇ ಹೆದರಿಕೆಯಂತೆ. ಅಲ್ಲಿಗೆ ಒಬ್ಬ ಹೆಂಗಸು ಬಂದರು.

"ಎಲಿಜಬೆತ್ ಫ್ರೈ ಅಂತ ಅವರ ಹೆಸರು."

"ಫ್ರೈ?" ಚೈತ್ರ ಕಣ್ಣು ತೆರೆದಳು. "ಮೀನು ಫ್ರೈನಾ ಮೇಡಂ?"

ವಾರಗಟ್ಟಲೆ ಬರೀ ಸಾರನ್ನ ತಿಂದಿದ್ದೆವು. ಮೂವರೂ ನಕ್ಕೆವು. ಮೇಡಮ್ಮೂ ನಕ್ಕರು. ಬಾಗಿಲಲ್ಲಿ ನಿಂತಿದ್ದ ಅನ್ನಪೂರ್ಣಮ್ಮನೂ ಸೆರಗು ಬಾಯಿಗಿಟ್ಟುಕೊಂಡರು.

ಆಮೇಲೆ ಮೇಡಂ ಹೇಳಿದ್ದು ನನಗೆ ಹಿಡಿಸಿತು. ಆ ಫ್ರೈಯಮ್ಮ ಕ್ವೇಕರ್ ಅನ್ನುವ ಪಂಥದವರು. ಕ್ವೇಕರರ ಪ್ರಾರ್ಥನೆಯಲ್ಲಿ ಪಾದ್ರಿಯಿಲ್ಲ, ಮಂತ್ರವಿಲ್ಲ. ಎಲ್ಲರೂ ಸುಮ್ಮನೆ ಕೂರುತ್ತಾರೆ. ಯಾರಿಗೆ ಮಾತು ಬರುತ್ತೋ ಅವರು ಎದ್ದು ಆಡುತ್ತಾರೆ. ಹೆಂಗಸಾದರೂ ಸರಿ.

"ಕ್ವೇಕರರು ಶುರುವಾದ ಕಾಲದಲ್ಲಿ ಇಂಗ್ಲಿಷಲ್ಲೂ ನಮ್ಮ ಹಾಗೇ ನೀನು, ನೀವು ಅಂತ ಎರಡಿತ್ತು" ಅಂದರು ಮೇಡಂ. "ದೊಡ್ಡೋರಿಗೆ ನೀವು, ಸಣ್ಣೋರಿಗೆ ನೀನು. ಕ್ವೇಕರರು ಎಲ್ಲರಿಗೂ ನೀನು ಅಂದ್ರು. ರಾಜನ ಮುಂದೂ ಟೋಪಿ ತೆಗೀಲಿಲ್ಲ."

"ರಾಜ ಸುಮ್ನಿದ್ನಾ?"

"ಎಲ್ಲಿ ಸುಮ್ನಿರ್ತಾನೆ? ಜೈಲಿಗೆ ಹಾಕಿದ. ಫ್ರೈಯ ಅಜ್ಜ ಮುತ್ತಜ್ಜನ ಕಾಲದಲ್ಲಿ ಸಾವಿರಾರು ಜನ ಒಳಗೆ ಕೊಳೆತ್ರು. ಅದಕ್ಕೇ ಅವರಿಗೆ ಜೈಲು ಅಂದ್ರೆ ಏನು ಅಂತ ಗೊತ್ತಿತ್ತು."

ಫ್ರೈಯಮ್ಮ ಹೆಂಗಸರಿಗೆ ಸೂಜಿ ದಾರ ತಂದುಕೊಟ್ಟರು. ಮಕ್ಕಳಿಗೆ ಅಕ್ಷರ ಕಲಿಸಲು ಆ ಹೆಂಗಸರಲ್ಲೇ ಒಬ್ಬಳನ್ನು ಟೀಚರ್ ಮಾಡಿದರು. ಜೈಲಿಗೆ ನಿಯಮ ಮಾಡುವಾಗ ಒಂದೊಂದನ್ನೇ ಓದಿ, ಒಪ್ಪುವವರು ಕೈ ಎತ್ತಿ ಅಂದರು. ಕೈದಿಗಳನ್ನು ಕೇಳಿ ನಿಯಮ!

"ನೀವೆಲ್ಲ ಏನಾದ್ರೂ ಕೇಳೋದಿದ್ರೆ ಕೇಳಿ" ಅಂದರು ಮೇಡಂ.

"ಅಲ್ಲಿ ಕಕ್ಕಸು ಯಾರು ತೊಳೀತಿದ್ರು?"

ಮೇಡಂ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದರು. "ಗೊತ್ತಿಲ್ಲ ವೀರಮ್ಮ. ನಾನು ಓದಿದ್ರಲ್ಲಿ ಅದಿಲ್ಲ" ಅಂದರು. ಬಿಸ್ಕತ್ತು ಹಂಚಿ ಹೋದರು.

ಮೇಡಂ ಅತ್ತ ಹೋದರು, ಇತ್ತ ನಾನು ಎದ್ದು ನಿಂತೆ.

"ನಾವೂ ಕೈ ಎತ್ತೋಣ" ಅಂದೆ. "ನಮ್ಮ ಕಕ್ಕಸು ನಾವು ಮೂರೂ ಜನ ಸರದಿ ಮೇಲೆ ತೊಳ್ಯೋದು. ಆಫೀಸಿಂದು ಆಫೀಸಿನೋರೇ ತೊಳ್ಕೊಳ್ಳೋದು. ಒಪ್ಪೋರು ಕೈ ಎತ್ತಿ."

ನಾನು ಎತ್ತಿದೆ. ಚೈತ್ರ ನನ್ನ ಮುಖ ನೋಡಿದಳು, ನೆಲ ನೋಡಿದಳು, ನಿಧಾನಕ್ಕೆ ಎತ್ತಿದಳು. ಶೇಷಮ್ಮನವರು ಮೊರದಲ್ಲಿ ಕಲ್ಲು ಹುಡುಕುತ್ತಲೇ ಇದ್ದರು.

"ಅಮ್ಮಾ?"

"ನಾನು ಇಂಥದ್ದರಲ್ಲೆಲ್ಲ ಇಲ್ಲ ಮಾರಾಯ್ತಿ. ಎಲ್ಲಾದ್ರೂ ಉಂಟಾ? ಓಟು ಹಾಕಿದ್ರೆ ಜಾತಿ ಹೋಗುತ್ತಾ?"

"ಜಾತಿ ಹೋಗೋದು ಬೇಡ. ವಾಸನೆ ಹೋದ್ರೆ ಸಾಕು" ಅಂದೆ.

ಅವರು ಮೊರ ಎತ್ತಿಕೊಂಡು ಗೋಡೆಯ ಆ ಕಡೆ ಹೋದರು.

ಭಾನುವಾರ ಯಾರೋ ಸಾಹೇಬರು ಬಂದಿದ್ದರು. ಆಫೀಸಿನಲ್ಲಿ ಬಾಡೂಟ. ಸೋಮವಾರ ಬೆಳಗ್ಗೆ ಅಂಗಳದಿಂದ ಕೂಗು ಬಂತು. "ಏಯ್, ಬಾರೆ ಇಲ್ಲಿ!"

ಹೋದೆ. ಆಫೀಸಿನ ಕಕ್ಕಸು ಕಟ್ಟಿಕೊಂಡು ತುಂಬಿ ನೆಲಕ್ಕೆ ಹರಿದಿತ್ತು. ಸೋಮಶೇಖರಪ್ಪ ಕರವಸ್ತ್ರ ಮೂಗಿಗೆ ಹಿಡಿದು ದೂರ ನಿಂತಿದ್ದರು. ಬೂಟಿನ ತುದಿಯಲ್ಲಿ ತೋರಿಸಿದರು.

"ಒಳಗೆ ಎಂತದೋ ಸಿಕ್ಕಿದೆ. ತೆಗಿ."

"ಕೋಲು ಎಲ್ಲಿ ಸಾರ್?"

"ಕೋಲೆಂತಕ್ಕೆ? ಕೈ ಹಾಕು. ನಿಮಗೆಲ್ಲ ಅಭ್ಯಾಸ ಅಲ್ವಾ?"

ನನ್ನ ಅಮ್ಮ ಮೇಲಿನ ಕೇರಿಯ ಗುಂಡಿ ಬಳಿದವಳು. ಮೊಣಕೈವರೆಗೆ ಹುಣ್ಣಾಗಿ ಸತ್ತಳು. ಅಭ್ಯಾಸ ಅವಳಿಗೂ ಆಗಿರಲಿಲ್ಲ. ದಿನವೂ ಬಂದು ಕೊಟ್ಟಿಗೆಯ ಹಿಂದೆ ವಾಂತಿ ಮಾಡುತ್ತಿದ್ದಳು. ನಮಗೆ ಕಾಣದ ಹಾಗೆ.

"ನಾನು ಮಾಡಲ್ಲ."

"ಎಂತ ಅಂದೆ?"

"ಮಾಡಲ್ಲ ಅಂದೆ. ನಿನ್ನ ಹೇಲು. ನೀನೇ ತೆಗಿ."

ಪ್ಯಾಂಟು ಹಾಕಿದ ಗಂಡಸಿಗೆ ನಾನು ಅದುವರೆಗೆ ನೀನು ಅಂದವಳಲ್ಲ. ಗೌಡರ ಮನೆಯ ಸ್ಕೂಲಿಗೆ ಹೋಗುವ ಪೋರನಿಗೂ ನೀವು ಅಂದವಳು. ಆ ಮಾತು ಬಾಯಿಂದ ಹೊರಟಿದ್ದು ನನಗೇ ಆಶ್ಚರ್ಯ. ಸೋಮಶೇಖರಪ್ಪನಿಗೆ ಬೇರೆ ಯಾವುದೂ ಕೇಳಿಸಲೇ ಇಲ್ಲ. ಹೇಲು ಅಂದದ್ದೂ ಇಲ್ಲ, ಮಾಡಲ್ಲ ಅಂದದ್ದೂ ಇಲ್ಲ.

"ನೀನಾ? ನಂಗೆ ನೀನಾ?"

"ನೀನು ನಂಗೆ ದಿನಾ ಅಂತೀಯಲ್ಲ."

ಕೈ ಎತ್ತಿದ. ಮೇಲೆ ಕ್ಯಾಮರಾ ಇತ್ತು. ಎತ್ತಿದ ಕೈಯಲ್ಲಿ ಏನು ಮಾಡುವುದು ಅಂತ ತಿಳಿಯದೆ ತಲೆ ಕೆರೆದುಕೊಂಡ. ನನಗೆ ನಗು ಬಂತು. ನಗಬಾರದಿತ್ತು. ನಕ್ಕುಬಿಟ್ಟೆ.

ನನ್ನನ್ನು ಸಾಮಾನು ಕೋಣೆಗೆ ಹಾಕಿದರು. ಮುರಿದ ಕುರ್ಚಿ, ಹಳೇ ಚೀಲ, ಜೇಡರ ಬಲೆ. ಮೇಲೆ ಒಂದು ಗವಾಕ್ಷಿ. ಯಾರೂ ಮಾತಾಡಿಸಬಾರದು ಅಂತ ಆರ್ಡರ್. "ಮೇಡಂ ಹೇಳಿದಾರಲ್ಲ, ಮೌನ. ಕೂತ್ಕೊಂಡು ಮನಸ್ಸು ತೊಳ್ಕೋ" ಅಂತ ಸೋಮಶೇಖರಪ್ಪ ಬಾಗಿಲು ಹಾಕಿದ.

ಮೊದಲು ಆರಾಮು ಅನಿಸಿತು. ಕೆಲಸ ಇಲ್ಲ, ಕೂಗು ಇಲ್ಲ. ಕಾಲು ಚಾಚಿ ಮಲಗಿದೆ. ಎದ್ದೆ. ಮತ್ತೆ ಮಲಗಿದೆ. ತಟ್ಟೆಯನ್ನು ಬಾಗಿಲ ಸಂದಿಯಲ್ಲಿ ತಳ್ಳುವ ಕೈ ಬಿಟ್ಟರೆ ಮನುಷ್ಯರಿಲ್ಲ. ಮಾರನೇ ಮಧ್ಯಾಹ್ನದ ಹೊತ್ತಿಗೆ ಕಿವಿಯಲ್ಲಿ ಗುಂಯ್ ಅನ್ನಲು ಶುರುವಾಯ್ತು. ಅಮ್ಮ ಆ ಮುರಿದ ಕುರ್ಚಿಯ ಹಿಂದೆ ವಾಂತಿ ಮಾಡಿಕೊಳ್ಳುತ್ತಿದ್ದಾಳೆ ಅನಿಸಿತು. ಎದ್ದು ನೋಡಿದೆ. ಎರಡು ಸಲ ನೋಡಿದೆ. ಆಗ ಹೆದರಿದೆ. ಹೊಡೆದರೆ ತಡೆಯಬಹುದು. ಇದನ್ನು ತಡೆಯಲು ಆಗಲ್ಲ ಅನಿಸಿತು. ಬಾಗಿಲು ಬಡಿದು, ತಪ್ಪಾಯ್ತು, ಪೊರಕೆ ಕೊಡಿ ಅನ್ನಲು ಬಾಯಿ ತೆರೆದೆ.

ಬಾಯಿ ತೆರೆದಿದ್ದೇ ಒಳ್ಳೇದಾಯ್ತು. ಅದರಿಂದ ಬಂದದ್ದು ಬೇರೆ ಮಾತು. "ಲಂಡನ್ ಅಂತ ಒಂದೂರು!" ಅಂತ ಕೂಗಿದೆ. "ಅಲ್ಲೊಂದು ಜೈಲು!"

ಕಥೆ ಪೂರಾ ಹೇಳಿದೆ. ಗೋಡೆಗೆ ಹೇಳಿದೆ. ಗೊತ್ತಿದ್ದಷ್ಟು ಹೇಳಿದೆ, ಗೊತ್ತಿಲ್ಲದ ಕಡೆ ಸೇರಿಸಿದೆ. ನನ್ನ ಫ್ರೈಯಮ್ಮ ಇಳಕಲ್ ಸೀರೆ ಉಟ್ಟಿದ್ದರು. ಸಾಕಾಗಿ ನಿಲ್ಲಿಸಿದೆ. ಗವಾಕ್ಷಿಯ ಆ ಕಡೆಯಿಂದ ಗಂಡಸಿನ ದನಿ ಬಂತು.

"ಅಕ್ಕಾ, ಕೈ ಎತ್ತಿದ್ರಲ್ಲ, ಮುಂದೆ ಎಂತಾಯ್ತು?"

ಅದು ಗಂಡಸರ ಕಡೆಯ ಅಂಗಳ. ದನಿ ಯೋಗೇಶ ಅನ್ನುವವನದು. ಮರ ಕಡಿದ ಕೇಸಿನಲ್ಲಿ ಬಂದವನು. "ಕಡ್ದೋರು ಹೊರಗಿದಾರೆ ಅಕ್ಕ. ಲಾರಿಗೆ ಎತ್ತಿದೋನು ನಾನು, ಒಳಗಿದೀನಿ" ಅಂದ.

"ನಿಮ್ಮ ಕಡೆ ಕಕ್ಕಸು ಯಾರು ತೊಳ್ಯೋದು?"

"ನಾನೇ. ನಾನೂ, ಬಾಳೆಹೊನ್ನೂರು ಕಡೆ ಇನ್ನೊಬ್ಬನೂ. ಕಾಲೋನಿಯೋರು ನಾವು ಇಬ್ರೇ."

"ಹಂಗಾದ್ರೆ ಕೇಳು" ಅಂದೆ. ಕೈ ಎತ್ತಿದ್ದನ್ನು ಮತ್ತೆ ಮೊದಲಿಂದ ಹೇಳಿದೆ.

ಮಾರನೇ ಬೆಳಗ್ಗೆ ಆ ಇಬ್ಬರೂ ಪೊರಕೆ ಮುಟ್ಟಲಿಲ್ಲ.

ಅದಾದ ಮೇಲಿನದ್ದು ಹೇಳಲು ಬಾಯಿ ಸಾಲದು. ಜೈಲು ಪೂರಾ ನಾರಿತು. ಆಫೀಸು ನಾರಿತು. ಹೂಗಿಡದವರೆಗೂ ನಾರಿತು. ಚೈತ್ರಳನ್ನು ಕರೆದು ತೊಳಿ ಅಂದರಂತೆ. "ಸರದಿ ಅಂದ್ರೆ ತೊಳೀತೀನಿ ಸಾರ್. ನಿಮ್ಮ ಸರದಿ ಯಾವತ್ತು?" ಅಂದಳಂತೆ. ಯೋಗೇಶನಿಗೆ ಎರಡೇಟು ಬಿತ್ತು. ಅವನು ಕೂತಲ್ಲಿಂದ ಏಳಲಿಲ್ಲ. ಹೊರಗಿನಿಂದ ಯಾರನ್ನಾದರೂ ಕರೆಸೋಣ ಅಂದರೆ, ಖರ್ಚು ಯಾವ ಲೆಕ್ಕದಲ್ಲಿ ತೋರಿಸುವುದು ಅಂತ ಸೋಮಶೇಖರಪ್ಪನಿಗೆ ಚಿಂತೆ. ಬಸ್ ಸ್ಟ್ಯಾಂಡಿನ ಶೌಚಾಲಯಕ್ಕೆ ಹೋಗಲು ಶುರುಮಾಡಿದ. ಅನ್ನಪೂರ್ಣಮ್ಮ ತಟ್ಟೆ ತಳ್ಳುವ ನೆಪದಲ್ಲಿ ಪಿಸುಗುಟ್ಟುತ್ತಿದ್ದರು. "ಯೂನಿಫಾರಮ್ ಹಾಕ್ಕೊಂಡು ಕ್ಯೂನಲ್ಲಿ ನಿಂತಿದ್ರಂತೆ ಕಣೇ. ಕಂಡಕ್ಟರ್ ಒಬ್ಬ, ಎಂತ ಸಾರ್, ಇಲ್ಲಿಗೇ ಟ್ರಾನ್ಸ್‌ಫರ್ ಆಯ್ತಾ ಅಂತ ಕೇಳಿದ್ನಂತೆ."

ನಾನು ಗೋಡೆಗೆ ಒರಗಿ ಹೊಟ್ಟೆ ಹಿಡಿದು ನಕ್ಕೆ. ಒಂಟಿ ಕೋಣೆಯಲ್ಲಿ ನಗುವವರಿಗೆ ಹುಚ್ಚು ಹಿಡಿಯಲ್ಲ.

ಒಂದು ಬೆಳಗ್ಗೆ ಬಾಗಿಲ ಹೊರಗೆ ಯಾರೋ ಕೂತ ಸದ್ದು. ಏದುಸಿರು.

"ವೀರಮ್ಮಾ." ಶೇಷಮ್ಮನವರ ದನಿ. "ರಾತ್ರಿಯಿಂದ ಹೊಟ್ಟೆ ಕೆಟ್ಟಿತ್ತು. ಅಲ್ಲಿ ಕಾಲಿಡಕ್ಕೆ ಆಗ್ಲಿಲ್ಲ. ತೊಳ್ದೆ."

"ಯಾರು?"

"ನಾನೇ."

ನಾನು ಬಾಗಿಲ ಹತ್ತಿರ ಸರಿದು ಕೂತೆ.

"ಆ ಪೌಡರ್ ಎಷ್ಟು ಉರಿಯುತ್ತೆ ಮಾರಾಯ್ತಿ" ಅಂದರು. ಆಮೇಲೆ ದನಿ ಇನ್ನೂ ತಗ್ಗಿಸಿದರು. "ಊರಲ್ಲಿ ಯಾರಿಗೂ ಹೇಳ್ಬೇಡ ಆಯ್ತಾ? ಮಗಳ ಮದುವೆ ಆಗ್ಬೇಕು."

"ನಮ್ಮ ಮನೆ ಹೆಣ್ಮಕ್ಕಳಿಗೂ ಮದುವೆ ಆಗುತ್ತೆ ಅಮ್ಮಾ. ತೊಳ್ದೋರ ಮಕ್ಕಳಿಗೇ."

ಶೇಷಮ್ಮನವರು ಎದ್ದು ಹೋದರು. ಹೇಳಲ್ಲ ಅಂತ ನಾನು ಮಾತು ಕೊಟ್ಟಿರಲಿಲ್ಲ. ಅದಕ್ಕೇ ಈಗ ಹೇಳಿದೆ.

ಶನಿವಾರ ಜ್ಯೋತ್ಸ್ನಾ ಮೇಡಂ ಬಂದರು. ವೀರಮ್ಮ ಎಲ್ಲಿ ಅಂತ ಕೇಳಿದ್ದು, ಸೋಮಶೇಖರಪ್ಪ ಉತ್ತರ ಕೊಟ್ಟಿದ್ದು, ಎರಡೂ ಕೇಳಿಸಿತು. "ನೀವು ಹೇಳ್ದಂಗೇ ಮೌನದಲ್ಲಿ ಇಟ್ಟಿದೀವಿ ಮೇಡಂ."

ಮೇಡಂ ಬಾಗಿಲ ಹತ್ತಿರ ಬಂದರು. "ನಾನು ಹೀಗೆ ಮಾಡಿ ಅಂದಿರಲಿಲ್ಲ ವೀರಮ್ಮ."

"ಅಂದಿದ್ರಿ. ಸುಮ್ನೆ ಕೂತ್ರೆ ಮನಸ್ಸು ತೊಳ್ದಂಗೆ ಅಂತ. ನೀವು ಕೂತು ಎದ್ದು ಮನೆಗೆ ಹೋಗ್ತೀರಿ. ನನ್ನ ಕೂರಿಸಿ ಬೀಗ ಹಾಕಿದಾರೆ. ಎರಡೂ ಒಂದೇನಾ?"

"ಒಂದೇ ಅಲ್ಲ" ಅಂದರು. "ಕ್ವೇಕರರೂ ಈ ತಪ್ಪು ಮಾಡಿದ್ರು. ಅಮೇರಿಕದಲ್ಲಿ. ಒಬ್ಬೊಬ್ಬರನ್ನೇ ಒಂದೊಂದು ಕೋಣೆಲಿ ಕೂರಿಸಿದ್ರೆ ದೇವರು ಮಾತಾಡ್ತಾನೆ, ಮನಸ್ಸು ತಿರುಗುತ್ತೆ ಅಂತ ನಂಬಿದ್ರು. ಒಳ್ಳೇ ಮನಸ್ಸಿಂದಾನೇ ಮಾಡಿದ್ರು. ಒಳಗಿದ್ದೋರಿಗೆ ಹುಚ್ಚು ಹಿಡೀತು. ಫ್ರೈ ಅದನ್ನ ಒಪ್ಪಲಿಲ್ಲ. ನಾನು ಆ ಭಾಗ ನಿಮಗೆ ಹೇಳಿರಲಿಲ್ಲ."

"ಯಾಕೆ ಹೇಳಿರಲಿಲ್ಲ?"

"ಕಥೆ ಚೆನ್ನಾಗಿರಲಿ ಅಂತ."

ಆಮೇಲೆ ಬಾಗಿಲಿಗೆ ಬಾಯಿ ಹತ್ತಿರ ತಂದು ಹೇಳಿದರು. ಕೇಸು ತೀರ್ಮಾನ ಆಗದವರಿಂದ ಜೈಲಿನಲ್ಲಿ ಬಲವಂತದ ಕೆಲಸ ಮಾಡಿಸುವ ಹಾಗಿಲ್ಲ. ಜಾತಿ ನೋಡಿ ಕೆಲಸ ಹಂಚಬಾರದು ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಸೋಮವಾರ ನನ್ನನ್ನು ವಿಡಿಯೋದಲ್ಲಿ ಜಡ್ಜ್ ಮುಂದೆ ನಿಲ್ಲಿಸುತ್ತಾರೆ. ಅಲ್ಲಿ ಹೇಳಬೇಕು.

"ನೀವೇ ಹೇಳಿ ಮೇಡಂ. ನಿಮಗೆ ಮಾತು ಚೆನ್ನಾಗಿ ಬರುತ್ತೆ."

"ನಾನು ಹೇಳಿದ್ರೆ ನನ್ನ ಪಾಸು ಹೋಗುತ್ತೆ ವೀರಮ್ಮ."

ಸಿಟ್ಟು ಬಂತು. ಆದರೆ ಸುಳ್ಳು ಹೇಳಲಿಲ್ಲವಲ್ಲ ಅಂತ ಸ್ವಲ್ಪ ಕಡಿಮೆ ಬಂತು.

ಸೋಮವಾರ ಟಿವಿಯಂಥ ಪರದೆಯ ಮುಂದೆ ನಿಲ್ಲಿಸಿದರು. ಪಕ್ಕದಲ್ಲಿ ಸೋಮಶೇಖರಪ್ಪ. ನಾನು ಹೋದ ಕೂಡಲೇ ಜಡ್ಜ್ ಸಾಹೇಬರು ತಲೆ ಎತ್ತದೆ ಮುಂದಿನ ತಾರೀಕು ಹೇಳಿದರು. ರೂಢಿಯ ಹಾಗೆ ಕೇಳಿದರು. "ಏನಾದ್ರೂ ತೊಂದರೆ ಇದೆಯಾ?"

"ಏನೂ ಇಲ್ಲ ಸ್ವಾಮಿ" ಅಂದ ಸೋಮಶೇಖರಪ್ಪ.

"ಇದೆ" ಅಂದೆ.

ಅವರು ತಲೆ ಎತ್ತಿದರು. ಅಷ್ಟರಲ್ಲಿ ನೆಟ್‌ವರ್ಕ್ ಹೋಯ್ತು. ಸಾಹೇಬರು ಅರ್ಧ ಕಣ್ಣು ಮುಚ್ಚಿ, ಅರ್ಧ ಬಾಯಿ ತೆರೆದು ಹಾಗೇ ನಿಂತುಬಿಟ್ಟರು. ನಾನು ಬಿಡಲಿಲ್ಲ. ಆ ನಿಂತ ಮುಖಕ್ಕೇ ಹೇಳಿದೆ. ಗೇಟಿನಲ್ಲಿ ಜಾತಿ ಕೇಳಿದ್ದು, ಕೈ ಹಾಕು ಅಂದಿದ್ದು, ಯೋಗೇಶನಿಗೆ ಹೊಡೆದಿದ್ದು, ಸಾಮಾನು ಕೋಣೆ. "ಸಾಕು ನಡಿ, ಲೈನ್ ಕಟ್ಟಾಗಿದೆ" ಅಂತ ಸೋಮಶೇಖರಪ್ಪ ತೋಳು ಹಿಡಿದ. ನಾನು ಟೇಬಲ್ಲು ಗಟ್ಟಿಯಾಗಿ ಹಿಡಿದೆ. ಅವನು ಎಳೆದ. ಟೇಬಲ್ಲೂ ಬಂತು.

ಪರದೆಯಲ್ಲಿ ಸಾಹೇಬರ ಕಣ್ಣು ಪೂರ್ತಿ ತೆರೆಯಿತು. ಕಂಡದ್ದು ಇದೇ. ಜೈಲರ್ ಒಬ್ಬ ಹೆಂಗಸಿನ ತೋಳು ಹಿಡಿದು ಎಳೆಯುತ್ತಿದ್ದಾನೆ.

"ಅವರ ಕೈ ಬಿಡಿ" ಅಂದರು. "ನೀವು ಹೇಳಿದ್ದು ಕೇಳಿಸ್ಲಿಲ್ಲಮ್ಮ. ಮತ್ತೆ ಹೇಳಿ."

ಮತ್ತೆ ಹೇಳಿದೆ. ಎರಡನೇ ಸಲ ಇನ್ನೂ ಚೆನ್ನಾಗಿ ಬಂತು. ಬೇಲು ಸಿಕ್ಕೂ ಯಾಕೆ ಒಳಗಿದ್ದೀರಿ ಅಂತ ಕೇಳಿದರು. "ಪಹಣಿ ಇರೋರು ಯಾರೂ ನಮ್ಮ ಕಡೆ ಇಲ್ಲ ಸ್ವಾಮಿ" ಅಂದೆ. ಅವರು ಅದನ್ನೂ ಬರೆದುಕೊಂಡರು.

ಅವತ್ತೇ ಸಾಮಾನು ಕೋಣೆಯಿಂದ ಬಿಟ್ಟರು. ಮಾರನೇ ದಿನ ಸಾಹೇಬರೇ ಜೈಲಿಗೆ ಬಂದು ನೋಡಿದರು. ಹೆಚ್ಚು ಹೊತ್ತು ನೋಡಲು ಮೂಗು ಬಿಡಲಿಲ್ಲ. ಒಳಗಿರುವವರ ಕೈಯಲ್ಲಿ ಕಕ್ಕಸು ತೊಳೆಸಬಾರದು, ಹೊರಗಿನಿಂದ ಸಂಬಳಕ್ಕೆ ಜನ ಇಡಬೇಕು ಅಂತ ಆದೇಶವಾಯ್ತು. ಸೋಮಶೇಖರಪ್ಪನ ಮೇಲೆ ವಿಚಾರಣೆ ಅಂದರು. ನನ್ನದೇ ಮುಚ್ಚಳಿಕೆ ಮೇಲೆ ನನ್ನನ್ನು ಬಿಡಿ ಅಂದರು. ಗಂಡಸರ ಕಡೆಯಿಂದ ತಟ್ಟೆ ಬಡಿದ ಸದ್ದು ರಸ್ತೆಯವರೆಗೆ ಕೇಳಿಸಿತಂತೆ.

ಹೊರಡುವಾಗ ಚೈತ್ರ ತಬ್ಬಿಕೊಂಡು ಅತ್ತಳು. ಶೇಷಮ್ಮನವರು ಕೊಡಪಾನ ಎತ್ತಿ, "ನೀರು ಕುಡ್ಕೊಂಡು ಹೋಗು" ಅಂದರು. ಬೊಗಸೆ ಒಡ್ಡಿದೆ. ಮೇಲಿಂದಲೇ ಹೊಯ್ದರು. ಅಷ್ಟು ಬೇಗ ಎಲ್ಲ ಆಗುತ್ತಾ?

ಗೇಟು ದಾಟಿದೆ. ಬಿಸಿಲು ಹಿತವಾಗಿತ್ತು. ಮುತ್ತಿನಕೊಪ್ಪದ ಬಸ್ಸಿಗೆ ಇನ್ನೂ ಹೊತ್ತಿತ್ತು. ಒಂದು ಮಸಾಲೆ ದೋಸೆ ತಿನ್ನಬೇಕು ಅಂದುಕೊಂಡು ನಾಲ್ಕು ಹೆಜ್ಜೆ ಹಾಕಿದೆ. ಎದುರಿಗೆ ಒಬ್ಬ ಮುದುಕ ಬರುತ್ತಿದ್ದ. ಹೆಗಲ ಮೇಲೆ ಉದ್ದ ಪೊರಕೆ. ಕೈಯಲ್ಲಿ ಆಸಿಡ್ ಕ್ಯಾನು. ಚಪ್ಪಲಿಯ ತುದಿ ಸುಟ್ಟು ತೂತಾಗಿ ಹೆಬ್ಬೆರಳು ಕಾಣುತ್ತಿತ್ತು. ಬೆರಳಿಗೆ ಉಗುರು ಇರಲಿಲ್ಲ.

"ಜೈಲು ಇದೇನಾ ತಾಯಿ? ಕಂಟ್ರಾಕ್ಟರು ಕಳಿಸಿದಾರೆ. ಕಕ್ಕಸು ತೊಳ್ಯಕ್ಕೆ."

"ಹೆಸರೆಂತ?"

"ರೇಣುಕಪ್ಪ."

"ಯಾವ ಊರು?"

ಊರು ಹೇಳಿದ. ಊರಿನ ಜೊತೆ ಕಾಲೋನಿ ಅಂತಲೂ ಸೇರಿಸಿ ಹೇಳಿದ. ನಾನು ಕೇಳಿರಲಿಲ್ಲ. ಕೇಳುವ ಮೊದಲೇ ಹೇಳಿ ಅಭ್ಯಾಸ ಅವನಿಗೆ.

ಬಿಡುಗಡೆಯ ಖುಷಿ ಇಳಿದುಹೋಯ್ತು. ನಾನು ಬಿಟ್ಟು ಬಂದ ಜಾಗಕ್ಕೆ ಇಡೀ ಊರು ಹುಡುಕಿ ಕೊನೆಗೆ ಕಳಿಸಿದ್ದು ಇವನನ್ನು.

"ಬೂಟು ಕೊಟ್ಟಿದಾರಾ? ಕೈಗೆ ಹಾಕ್ಕೊಳ್ಳಕ್ಕೆ ಗ್ಲೌಸು?"

"ಇಲ್ಲ ತಾಯಿ."

"ಕೇಳು."

"ಕೇಳಿದ್ರೆ ನಾಳೆಯಿಂದ ಬರ್ಬೇಡ ಅಂತಾರೆ. ಬಿಡಿ, ನಂಗೆ ಅಭ್ಯಾಸ ಇದೆ." ಅಂದು ಹಲ್ಲಿಲ್ಲದ ಬಾಯಲ್ಲಿ ನಕ್ಕ.

ದೋಸೆ ಮರೆತೆ. ತಿರುಗಿ ಹೋಗಿ ಜೈಲಿನ ಗೇಟು ಬಡಿದೆ. ಎರಡೂ ಮುಷ್ಟಿಯಲ್ಲಿ ಬಡಿದೆ. ಕಿಂಡಿ ತೆರೆಯಿತು. ಅನ್ನಪೂರ್ಣಮ್ಮನ ಕಣ್ಣು ಕಂಡವು.

"ಅಯ್ಯೋ ಮಾರಾಯ್ತಿ, ಈಗಷ್ಟೇ ಹೋದೆಯಲ್ಲೇ! ಎಂತ ಮರ್ತು ಬಂದೆ?"

"ಎಂತದೂ ಮರ್ತಿಲ್ಲ. ಬಾಗಿಲು ತೆಗೀರಿ. ಬೂಟು, ಗ್ಲೌಸು ಕೊಡೋವರೆಗೆ ಈ ಮನುಷ್ಯ ಒಳಗೆ ಕೆಲಸಕ್ಕೆ ಬರಲ್ಲ. ನಾನು ಇಲ್ಲಿಂದ ಏಳಲ್ಲ."

"ಬೇಡ ತಾಯಿ" ಅಂತ ರೇಣುಕಪ್ಪ ಹಿಂದಿನಿಂದ ನನ್ನ ಸೆರಗು ಎಳೆದ. "ನನ್ನ ಕೆಲಸ ಹೋಗುತ್ತೆ."

ನಾನು ಗೇಟಿನ ಮೆಟ್ಟಿಲ ಮೇಲೆ ಕೂತೆ. ಒಳಗೆ ಯಾರೋ ಓಡುವ ಸದ್ದಾಯ್ತು. ರಸ್ತೆಯ ಹಣ್ಣಿನ ಗಾಡಿಯವನು, ಆಟೋದವರು ಇಬ್ಬರು, ಬಂದು ನಿಂತು ನೋಡತೊಡಗಿದರು. ರೇಣುಕಪ್ಪ ಅವರನ್ನು ನೋಡಿದ, ಗೇಟು ನೋಡಿದ, ತನ್ನ ಕಾಲು ನೋಡಿಕೊಂಡ.

ಆಮೇಲೆ ಪೊರಕೆಯನ್ನು ಗೋಡೆಗೆ ಒರಗಿಸಿ, ನನ್ನ ಪಕ್ಕ ಬಂದು ಕೂತ.